ಬಂದದ್ದು, ಹೋದದ್ದು

ನಮ್ಮೂರಿನಲ್ಲಿ ಹೊಸದೊಂದು ರೂಢಿ ಕಲಿತವರಿಗೆ ಮರುದಿನ ಬೆಳಗಾಗುವಷ್ಟರಲ್ಲಿ ಹಳೆಯದೊಂದು ಹೋಗಿರುತ್ತದೆ. ಯಾವುದು ಹೋಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಕಳೆದುಕೊಂಡವರಿಗೆ ಅದು ಹೋದದ್ದು ಗೊತ್ತಾಗುವುದೂ ಇಲ್ಲ, ಪಕ್ಕದವರು ಹೇಳಬೇಕು. ಹೀಗಾಗಿ ಊರಿಗೊಂದು ಪತ್ರಿಕೆ ಬೇಕಾಯಿತು. ಅದನ್ನು ನಡೆಸುವವನು ನಾನು.

ಪತ್ರಿಕೆಯ ಹೆಸರು ‘ಊರವಾರ್ತೆ’. ವಾರಕ್ಕೊಮ್ಮೆ, ಗುರುವಾರ, ನಾಲ್ಕು ಪುಟ. ಮೊದಲ ಪುಟದಲ್ಲಿ ಸಭೆ ಸಮಾರಂಭ, ಎರಡರಲ್ಲಿ ಮಳೆ ಬೆಳೆ, ನಾಲ್ಕರಲ್ಲಿ ಜಾಹೀರಾತು. ಜನ ಪತ್ರಿಕೆ ಕೊಳ್ಳುವುದು ಮೂರನೆಯ ಪುಟಕ್ಕಾಗಿ. ಅಲ್ಲಿ ‘ಬಂದದ್ದು, ಹೋದದ್ದು’ ಎಂಬ ಅಂಕಣವಿದೆ. ಹೆಸರು, ಓಣಿ, ಬಂದ ರೂಢಿ, ಹೋದ ರೂಢಿ, ಇಬ್ಬರು ಸಾಕ್ಷಿಗಳು. ಇಷ್ಟೇ. ಸಾಕ್ಷಿಯಿಲ್ಲದ್ದನ್ನು ನಾನು ಅಚ್ಚು ಹಾಕುವುದಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಆರುನೂರ ಹದಿನಾಲ್ಕು ನಮೂದುಗಳು ಬಂದಿವೆ. ತಿದ್ದುಪಡಿ ಪ್ರಕಟಿಸಬೇಕಾಗಿ ಬಂದದ್ದು ಎರಡು ಸಲ ಮಾತ್ರ.

ಹೊಸ ರೂಢಿಗಳು ಬರುವುದು ಹೆಚ್ಚಾಗಿ ಹೊಳೆಯ ಆಚೆ ದಡದಿಂದ. ಸೇತುವೆ ಆಗಿ ಇಪ್ಪತ್ತೇಳು ವರ್ಷವಾಯಿತು. ಆಚೆಯವರು ಎದುರಾದವರಿಗೆ ಮಡಚಿದ ಕೊಡೆ ಎತ್ತಿ ನಮಸ್ಕಾರ ಹೇಳುತ್ತಾರೆ, ಊಟದಲ್ಲಿ ಸಿಹಿಯನ್ನು ಕೊನೆಗೆ ತಿನ್ನುತ್ತಾರೆ, ಯಾರ ಮನೆಗಾದರೂ ಹೋಗುವ ಮೊದಲು ಚೀಟಿ ಕಳಿಸಿ ಅನುಕೂಲ ಕೇಳುತ್ತಾರೆ. ಒಳ್ಳೆಯ ಜನ. ಅವರ ರೂಢಿಗಳೂ ಒಳ್ಳೆಯವೇ. ನೋಡಿ ನೋಡಿ ನಮ್ಮವರೂ ಮಾಡುತ್ತಾರೆ. ಬೇಕೆಂದು ಮಾಡುವಷ್ಟು ದಿನ ಏನೂ ಆಗುವುದಿಲ್ಲ. ಯೋಚಿಸದೆ, ಕೈ ತಾನಾಗಿಯೇ ಮಾಡಿದ ದಿನ ಅದು ‘ಬಂದದ್ದು’ ಎಂದು ಲೆಕ್ಕ. ಮರುದಿನ ಬೆಳಿಗ್ಗೆ ಮನೆಯವರು ಹೋದದ್ದನ್ನು ಹುಡುಕಲು ಶುರು ಮಾಡುತ್ತಾರೆ.

ಗಾಣದ ಗುರುಪಾದಪ್ಪ ಕೊಡೆ ಎತ್ತುವುದನ್ನು ಕಷ್ಟಪಟ್ಟು ಕಲಿತ. ಬದಲಿಗೆ ಅವನ ಗೊರಕೆ ಹೋಗಲಿ ಎಂದು ಅವನ ಹೆಂಡತಿ ಹರಕೆ ಹೊತ್ತಿದ್ದಳು. ಹೋದದ್ದು ಚೌಕಾಸಿ. ಗೊರಕೆ ಹಾಗೇ ಇದೆ. ಒಂದನೆಯ ಸಾಕ್ಷಿ ಹೆಂಡತಿ. ಎರಡನೆಯ ಸಾಕ್ಷಿ ಬದನೆಕಾಯಿ ಮಾರುವವಳು, ಅವಳು ಬಹಳ ಸಂತೋಷದಿಂದ ಹೇಳಿಕೆ ಕೊಟ್ಟಳು. ಭಜನೆ ಮೇಳದ ಬಸಲಿಂಗಪ್ಪ ಆಚೆಯವರಂತೆ ಹಾಡು ಮುಗಿದ ಮೇಲೆ ಚಪ್ಪಾಳೆ ತಟ್ಟುವುದನ್ನು ಕಲಿತ; ಹಾಡಿನ ನಡುವೆ ತಾಳ ತಟ್ಟುವುದು ಹೋಯಿತು. ಈಗ ಅವನು ಮೇಳದ ಎದುರು ಮುಂದಿನ ಸಾಲಿನಲ್ಲಿ ಕೂರುತ್ತಾನೆ, ಕೊನೆಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಾನೆ. ತನಗೆ ಏನೂ ಕಡಿಮೆಯಾಗಿಲ್ಲ ಎನ್ನುತ್ತಾನೆ. ಅವನ ತಾಳಗಳು ಮೇಳದ ಪೆಟ್ಟಿಗೆಯಲ್ಲಿವೆ.

ಈ ಕೆಲಸದಲ್ಲಿ ನನಗಿರುವ ತೊಡಕು ಒಂದೇ. ನಮ್ಮೂರಿನವರಿಗೆ ಸಾವಿರಕ್ಕಿಂತ ಕಡಿಮೆ ಎಣಿಸಲು ಬರುವುದಿಲ್ಲ. ನಾಲ್ಕು ಹನಿ ಬಿದ್ದರೆ ಹೊಳೆ ಏರಿ ಬಂತು ಎನ್ನುತ್ತಾರೆ. ಬೆಕ್ಕು ಹಾಲು ಕುಡಿದರೆ ಹುಲಿ ಕೊಟ್ಟಿಗೆ ಹೊಕ್ಕಿತು ಎನ್ನುತ್ತಾರೆ. ಇದು ಅವರ ದೃಷ್ಟಿಯಲ್ಲಿ ಸುಳ್ಳಲ್ಲ, ಮರ್ಯಾದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಕೇಳುವವರಿಗೆ ಅವಮಾನ ಮಾಡಿದಂತೆ. ನಾನು ಟೇಪು, ಗಡಿಯಾರ ಹಿಡಿದುಕೊಂಡೇ ಹೋಗುತ್ತೇನೆ. ಈ ಶಿಸ್ತನ್ನು ನನಗೆ ಕಲಿಸಿದ್ದು ಆಚೆ ದಡದ ಒಂದು ದಿನಪತ್ರಿಕೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಹೋಗಿ ಅಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಅದರ ಬದಲಿಗೆ ನನ್ನಿಂದಲೂ ಏನೋ ಹೋಗಿರಬೇಕು. ಅಂಕಣದ ಮೊಟ್ಟಮೊದಲ ನಮೂದು ನನ್ನದೇ: ‘ಮುರಿಗೆಪ್ಪ, ಹೊಳೆ ಓಣಿ. ಬಂದದ್ದು: ಖಚಿತವಾಗಿ ಹೇಳುವುದು. ಹೋದದ್ದು: ತಿಳಿದುಬಂದಿಲ್ಲ.’ ಎಷ್ಟು ಜನರನ್ನು ಕೇಳಿದರೂ ‘ಏನೂ ಹೋಗಿಲ್ಲ ಬಿಡ್ರಿ’ ಎಂದರು. ಎರಡನೆಯ ಅರ್ಧ ಇಪ್ಪತ್ತೆರಡು ವರ್ಷದಿಂದ ಖಾಲಿಯಿದೆ.

ನನ್ನ ಅಕ್ಕ ನೀಲಗಂಗವ್ವ. ನನಗಿಂತ ಏಳು ವರ್ಷ ದೊಡ್ಡವಳು. ತಾಯಿ ತೀರಿದ ಮೇಲೆ ನನ್ನನ್ನು ಬೆಳೆಸಿದವಳು. ಮನೆಯ ಮುಂಭಾಗದಲ್ಲಿ ನನ್ನ ಅಚ್ಚಿನ ಕೋಣೆ, ಹಿಂಭಾಗದಲ್ಲಿ ಅವಳ ಹಪ್ಪಳದ ಪಡಸಾಲೆ. ಅವಳು ಲಟ್ಟಿಸಿದ ಹಪ್ಪಳದ ಮೇಲೆ ನಾನು ಕೈವಾರ ಇಟ್ಟು ನೋಡಿದ್ದೇನೆ. ಯಾವ ಕಡೆಯಿಂದ ಅಳೆದರೂ ಐದೂಕಾಲು ಇಂಚು.

ಅಕ್ಕನ ಗೆಳತಿ ಹುಸೇನಬಿ, ಪಿಂಜಾರ ಓಣಿಯವಳು. ಹತ್ತಿ ಹಿಂಜಿ ಗಾದಿ ಹೊಲಿಯುತ್ತಾಳೆ. ಇಬ್ಬರ ಗೆಳೆತನಕ್ಕೆ ಮೂವತ್ತಾರು ವರ್ಷ. ದಿನ ಬಿಟ್ಟು ದಿನ ಒಬ್ಬರ ಮನೆಗೆ ಒಬ್ಬರು ಹೋಗುತ್ತಿದ್ದರು. ಹೋದವರು ಏಳುವಾಗ ನಮ್ಮೂರಿನ ‘ಕಳಿಸಿ ಬರುವುದು’ ಶುರುವಾಗುತ್ತಿತ್ತು.

ಕಳಿಸಿ ಬರುವುದು ಎಂದರೆ ಹೀಗೆ. ಬಂದವರನ್ನು ಒಬ್ಬರೇ ಹೋಗಲು ಬಿಡುವಂತಿಲ್ಲ. ಮನೆಯವರು ಅವರ ಮನೆತನಕ ಹೋಗಿ ಬಿಟ್ಟು ಬರಬೇಕು. ಆದರೆ ಹಾಗೆ ಬಿಡಲು ಬಂದವರು ಈಗ ಒಬ್ಬರೇ ಹಿಂದಿರುಗಬೇಕಲ್ಲ? ಆದ್ದರಿಂದ ಇವರು ಅವರನ್ನು ಬಿಡಲು ಹೋಗಬೇಕು. ಅಲ್ಲಿಂದ ಅವರು ಮತ್ತೆ ಇವರನ್ನು. ದಾರಿಯ ನಡುವೆ ಸಾಕುಕಲ್ಲು ಎಂಬ ಚಪ್ಪಡಿ ಇದೆ. ಪ್ರತಿ ಸಲ ಅದರ ಮೇಲೆ ಬಂದಾಗ ಒಬ್ಬರು ‘ಸಾಕು’ ಎನ್ನಬೇಕು, ಇನ್ನೊಬ್ಬರು ‘ಸಾಕಲ್ಲ’ ಎನ್ನಬೇಕು. ಇಬ್ಬರ ಬಾಯಲ್ಲೂ ಒಟ್ಟಿಗೆ ‘ಸಾಕು’ ಬಂದಾಗ ಮಾತ್ರ ಬೆನ್ನು ತಿರುಗಿಸಿ ತಮ್ಮ ತಮ್ಮ ಮನೆಗೆ ಹೋಗಬಹುದು. ನಮ್ಮ ಮನೆಗೂ ಹುಸೇನಬಿಯ ಮನೆಗೂ ಮುನ್ನೂರ ನಲವತ್ತು ಹೆಜ್ಜೆ. ಇವರಿಬ್ಬರದು ಸಾಮಾನ್ಯವಾಗಿ ಐದು ಸಲ, ಮಾತು ಹೆಚ್ಚಿದ್ದ ದಿನ ಏಳು. ಒಮ್ಮೆ ಹನ್ನೊಂದಾಗಿತ್ತು. ಹುಸೇನಬಿ ಅದನ್ನು ನಾಲ್ಕುನೂರು ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಅಕ್ಕನ ಹಪ್ಪಳ ಕೊಳ್ಳುವವರು ಹೆಚ್ಚಿನವರು ಆಚೆಯವರು. ಅವರು ಬರುವ ಮೊದಲು ಚೀಟಿ ಕಳಿಸುತ್ತಾರೆ, ಅಕ್ಕನೂ ಚೀಟಿಯಲ್ಲೇ ಉತ್ತರ ಕೊಡುತ್ತಾಳೆ. ಮಾರ್ಚ್ ಹನ್ನೊಂದರ ಮಂಗಳವಾರ ಮಧ್ಯಾಹ್ನ ಅವಳು ಹಿಟ್ಟಿನ ಕೈ ಒರೆಸಿಕೊಂಡು ಒಂದು ಚೀಟಿ ಬರೆದು, ‘ತಮ್ಮಾ, ಹುಸೇನಿಗೆ ಕೊಟ್ಟು ಬಾ’ ಎಂದಳು. ‘ನಾಳೆ ಸಂಜೆ ನಾಲ್ಕು ಗಂಟೆಗೆ ಭೇಟಿಗೆ ಅನುಕೂಲವೆ?’ ಎಂದಿತ್ತು. ಹುಸೇನಬಿಗೆ ಓದಲು ಬರುವುದಿಲ್ಲ. ಅಕ್ಕನಿಗೆ ಅದು ನೆನಪಾಗಲೇ ಇಲ್ಲ.

ನಾನು ಓದಿ ಹೇಳಿದೆ. ಹುಸೇನಬಿ ಹತ್ತಿಯ ರಾಶಿಯ ನಡುವೆ ಕೂತು ನಕ್ಕಳು. ‘ಅಯ್ಯ, ಇಕಿ ನೂರು ವರ್ಷದಿಂದ ನನ್ನ ಬಾಗಲಾ ಕಾಲಿಲೆ ದೂಡಿಕೊಂಡು ಬರಾಕಿ. ಈಗ ಅಪ್ಪಣಿ ಕೇಳಾಕತ್ತಾಳ!’

‘ಮೂವತ್ತಾರು ವರ್ಷ’ ಎಂದೆ.

‘ನೀ ಒಬ್ಬಾಂವ ನೋಡು ಮುರಗ್ಯಾ, ಬಾಯಾಗ ಅಳತಿಕೋಲು ಇಟ್ಟುಕೊಂಡ ತಿರಗತಿ. ನಾಳೆ ನಾನ ಬರ್ತೀನಿ ಅಂತ ಹೇಳಕಿಗೆ. ಸರಿಯಾಗಿ ನಾಕಕ್ಕ, ಮಹಾರಾಣಿ ಬಂದಂಗ.’

ಬುಧವಾರ ನಾಲ್ಕಕ್ಕೆ ಬಂದಳು. ಇಬ್ಬರೂ ಚಹಾ ಕುಡಿದರು, ಮಾತಾಡಿದರು, ನಕ್ಕರು. ಐದು ಇಪ್ಪತ್ತಕ್ಕೆ ಹುಸೇನಬಿ ಎದ್ದಳು. ಅಕ್ಕ ಬಾಗಿಲ ತನಕ ಬಂದು, ‘ಆತು, ಬರ್ತಿರು’ ಎಂದು ಕದ ಹಾಕಿಕೊಂಡಳು.

ನಾನು ಅಚ್ಚಿನ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ಹುಸೇನಬಿ ಮುಚ್ಚಿದ ಕದವನ್ನು ನೋಡುತ್ತ ನಿಂತಳು. ಸೆರಗು ಸರಿಮಾಡಿಕೊಂಡಳು. ಅಕ್ಕ ಚಪ್ಪಲಿ ಹುಡುಕುತ್ತಿರಬಹುದು ಎಂದುಕೊಂಡಳೋ ಏನೋ. ಆಮೇಲೆ ನಿಧಾನವಾಗಿ ಸಾಕುಕಲ್ಲಿನ ತನಕ ಹೋಗಿ ಅಲ್ಲಿ ಕೂತಳು. ನಲವತ್ತು ನಿಮಿಷ ಕೂತಿದ್ದಳು. ಆಮೇಲೆ ಒಬ್ಬಳೇ ಮನೆಗೆ ಹೋದಳು.

ನಾನು ಅಕ್ಕನ ಬಳಿ ಹೋಗಿ, ‘ಹುಸೇನಕ್ಕನ್ನ ಕಳಿಸಿ ಬರಲಿಲ್ಲಲ್ಲ’ ಎಂದೆ.

‘ಎಲ್ಲಿಗೆ?’

‘ಅಕಿ ಮನಿಗೆ.’

‘ಯಾಕ, ಅಕಿಗೆ ದಾರಿ ಗೊತ್ತಿಲ್ಲೇನು?’

‘ಗೊತ್ತೈತಿ. ಆದ್ರೂ ನೀ ಹೋಗಬೇಕು. ಆಮ್ಯಾಲ ಅಕಿ ನಿನ್ನ ಕಳಿಸಾಕ ಇಲ್ಲಿಗೆ ಬರ್ತಾಳ.’

‘ಮತ್ತ ಇಲ್ಲಿಗೇ ಬರೋದಿದ್ರ ಹೋಗೋದ್ಯಾಕ?’

‘ಆಮ್ಯಾಲ ನೀ ಮತ್ತ ಅಕಿನ್ನ ಕಳಿಸಾಕ ಹೋಗ್ತಿ.’

ಅಕ್ಕ ಲಟ್ಟಣಿಗೆ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ‘ಇದ್ಯಾವ ಹುಚ್ಚರ ಊರಿನ ಪದ್ಧತಿನೋ ತಮ್ಮಾ?’

‘ನಮ್ಮೂರಿಂದು’ ಎಂದೆ.

ಅವಳು ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ಲಟ್ಟಿಸುತ್ತಿದ್ದ ಒಂದು ಹಪ್ಪಳ ಅರ್ಧಕ್ಕೆ ನಿಂತಿತ್ತು, ಅದನ್ನು ಮುಗಿಸಿದಳು. ಐದೂಕಾಲು ಇಂಚೇ ಇತ್ತು.

ಮರುದಿನ ಸಾಕ್ಷಿ ಹೇಳಿಕೆಗೆಂದು ಹುಸೇನಬಿಯ ಮನೆಗೆ ಹೋದೆ. ಅವಳು ಹತ್ತಿ ಹಿಂಜುತ್ತಿದ್ದಳು. ಹಿಂಜುವ ಬಿಲ್ಲಿನ ಹಗ್ಗದ ಸದ್ದು ಎಂದಿಗಿಂತ ಜೋರಾಗಿತ್ತು.

‘ಅಕಿ ಹತ್ರ ಹೋಗಾಕ ಬ್ಯಾರೆ ಏನೂ ಇರಲಿಲ್ಲೇನೋ?’ ಎಂದು ಕೇಳಿದಳು. ‘ಮಾತು ಮಾತಿಗೆ ಮೂಗು ಏರಸ್ತಾಳಲ್ಲ, ಅದು ಹೋಗಬೇಕಿತ್ತು. ಚಹಾಕ್ಕ ಸಕ್ರಿ ಸುರೀತಾಳಲ್ಲ, ಅದು ಹೋಗಬೇಕಿತ್ತು. ಹೋಗಿ ಹೋಗಿ ನಂದ ಹೋಗಬೇಕೇನು? ಸಡಲ ಹಿಡಿದಿದ್ದು ಮೊದಲ ಜಾರತೈತಿ ಅಂತ ಸಣ್ಣ ಕೂಸಿಗೂ ಗೊತ್ತೈತಿ.’

ಊರಿನಲ್ಲಿ ಹಾಗೊಂದು ನಂಬಿಕೆಯಿದೆ. ನಾನು ಅದಕ್ಕೆ ಆಧಾರವಿಲ್ಲ ಎಂದು ವಿವರಿಸಿದೆ. ಆರುನೂರ ಹದಿನಾಲ್ಕು ನಮೂದುಗಳನ್ನು ಹೋಲಿಸಿ ನೋಡಿದ್ದೇನೆ, ಪ್ರೀತಿಯದು ಉಳಿಯುತ್ತದೆ ಬೇಡವಾದದ್ದು ಹೋಗುತ್ತದೆ ಎಂಬ ಯಾವ ಲಕ್ಷಣವೂ ಕಂಡಿಲ್ಲ, ಗುರುಪಾದಪ್ಪನ ಗೊರಕೆಯನ್ನೇ ನೋಡು ಎಂದೆ.

‘ನಿನ್ನ ಗೊರಕಿ ನಿನ್ನ ಪೇಪರಿನಾಗ ಇಟ್ಟಕೋ’ ಎಂದಳು ಹುಸೇನಬಿ. ‘ನಾನು ಜೈತುನನ ಮನಿಗೆ ಹೊಂಟೀನಿ. ಇಪ್ಪತ್ತೆಂಟಕ್ಕ ಆಟೋ ತರ್ತಾಳ.’

ಜೈತುನ ಅವಳ ಮಗಳು, ಮದುವೆಯಾಗಿ ಒಂಬತ್ತು ವರ್ಷದಿಂದ ಆಚೆ ದಡದಲ್ಲಿದ್ದಾಳೆ. ಎಷ್ಟು ದಿನಕ್ಕೆ ಹೊರಟದ್ದು ಎಂದು ಕೇಳಿದೆ.

‘ಇರೂತನಕ. ಅಲ್ಲಿ ಯಾರೂ ಯಾರನ್ನೂ ಕಳಿಸಿ ಬರಂಗಿಲ್ಲ. ಅಂಥವರ ನಡುವ ಇದ್ದರ, ನನ್ನ ಯಾರೂ ಕಳಿಸಲಿಲ್ಲ ಅಂತ ಅನಸೂದಿಲ್ಲ.’

ಅದನ್ನು ನಾನು ಬರೆದುಕೊಂಡೆ. ಪ್ರಕಟಿಸಲಿಲ್ಲ.

ಅಕ್ಕನಿಗೆ ವಿಷಯ ಹೇಳಿದೆ. ‘ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ತಿರಗೋದು ನನಗೇನೂ ಬೇಕಾಗಿಲ್ಲೋ. ಖರೇನ ಹೇಳ್ತೀನಿ, ಅದು ಇಲ್ಲ ಅಂತ ನಂಗೇನೂ ಅನಸವಲ್ದು. ಆದ್ರ ಅಕಿ ಬೇಕು. ಕಲಸು ನಂಗ.’

‘ಕಲಿತರ ಇನ್ನೊಂದು ಹೋಗತೈತಿ, ಅಕ್ಕಾ.’

ಅವಳು ತನ್ನ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡಳು. ನಲವತ್ತೆರಡು ವರ್ಷ ಹಪ್ಪಳ ಲಟ್ಟಿಸಿದ ಕೈ. ‘ಇದು ಹೋಗದಿದ್ರ ಚಲೋ’ ಎಂದಳು. ‘ಇರ್ಲಿ. ಕಲಸು.’

ಹದಿನೈದನೆಯ ತಾರೀಖು ಶನಿವಾರದಿಂದ ದಿನಾ ಸಂಜೆ ಪಾಠ ನಡೆಯಿತು. ನಾನು ಅತಿಥಿ, ಅವಳು ಮನೆಯವಳು. ತನ್ನದೇ ಊರಿನ ರೂಢಿಯನ್ನು ಅವಳು ಬೇರೆ ದೇಶದ ಆಟ ಕಲಿಯುವವರಂತೆ ಕಲಿತಳು. ಮೊದಲ ದಿನ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದು ಪಿಂಜಾರ ಓಣಿ ಮುಟ್ಟಿ, ‘ಹೂಂ, ಮುಟ್ಟಿದ್ವಿ, ಮುಂದ?’ ಎಂದಳು. ಎರಡನೆಯ ದಿನ ಸಾಕುಕಲ್ಲಿನ ಮೇಲೆ ನಿಂತು, ನಾನು ‘ಸಾಕು’ ಎಂದದ್ದಕ್ಕೆ, ‘ಹೌದು, ಸಾಕು’ ಎಂದು ಮನೆಗೆ ಹೊರಟಳು. ಮೂರನೆಯ ದಿನ ಓಣಿಯವರೆಲ್ಲ ಕಟ್ಟೆಯ ಮೇಲೆ ಸೇರಿದರು. ‘ಮಾತಾಡಿಕೋತ ನಡೀರಿ ನೀಲವ್ವಾರ, ಹೆಣದ ಹಿಂದ ನಡದಂಗ ನಡೀಬ್ಯಾಡ್ರಿ!’ ಎಂದು ಗುರುಪಾದಪ್ಪ ಕೂಗಿದ, ಕೊಡೆಯನ್ನೂ ಎತ್ತಿದ. ಅಕ್ಕ ಮಾತಾಡಲು ನೋಡಿದಳು. ಹೆಜ್ಜೆ ತಪ್ಪಿತು. ಮಾತು ಬಂದರೆ ಕಾಲು ನಿಲ್ಲುತ್ತಿತ್ತು, ಕಾಲು ನಡೆದರೆ ಮಾತು ನಿಲ್ಲುತ್ತಿತ್ತು.

ಒಂಬತ್ತು ದಿನ ಹೀಗೆಯೇ. ಎಲ್ಲ ಬಾಯಿಪಾಠವಾಗಿತ್ತು, ಒಂದೂ ತಾನಾಗಿ ಬರಲಿಲ್ಲ. ಇಪ್ಪತ್ತನಾಲ್ಕರಂದು ಅಕ್ಕ ಯಾರಿಗೂ ಹೇಳದೆ ಒಬ್ಬಳೇ ಹೋಗಿ ಸಾಕುಕಲ್ಲಿನ ಮೇಲೆ ನಿಂತಳು. ಪಿಂಜಾರ ಓಣಿಯ ಕಡೆ ನೋಡುತ್ತಿದ್ದಳು. ನಾನು ಸಮಯ ನೋಡಿಕೊಂಡೆ. ಹನ್ನೊಂದು ನಿಮಿಷ. ಹುಸೇನಬಿಯ ಕದ ತೆರೆಯಲಿಲ್ಲ.

ಇದನ್ನು ಹುಸೇನಬಿಗೆ ಹೇಳಬೇಕು ಎನಿಸಿತು. ಹೇಳುವುದಾದರೆ ಮನಸ್ಸು ಕರಗುವಂತೆ ಹೇಳಬೇಕು. ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ: ಅಕ್ಕ ಮೂರು ದಿನದಿಂದ ಊಟ ಬಿಟ್ಟು ಕಲ್ಲಿನ ಮೇಲೆ ನಿಂತಿದ್ದಾಳೆ. ನಮ್ಮೂರಿನಲ್ಲಿ ಯಾರು ಬೇಕಾದರೂ ಸಲೀಸಾಗಿ ಹೇಳುವ ಮಾತು.

‘ಹುಸೇನಕ್ಕಾ, ಅಕ್ಕ ನಿನ್ನ ಸಲುವಾಗಿ ಸಾಕುಕಲ್ಲಿನ ಮ್ಯಾಲ ನಿಂತಿದ್ಲು.’

ಅವಳ ಕೈ ನಿಂತಿತು. ‘ಎಷ್ಟೊತ್ತು?’

‘ಮೂರು…’ ಎಂದೆ. ನಾಲಿಗೆ ಮುಂದೆ ಹೋಗಲಿಲ್ಲ. ಮತ್ತೆ ‘ಮೂರು…’ ಎಂದೆ. ಬೆವರು ಬಂತು. ‘ಹನ್ನೊಂದು ನಿಮಿಷ’ ಎಂದೆ.

ಹುಸೇನಬಿ ನನ್ನನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಹನ್ನೆರಡು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ‘ಅಯ್ಯ ನನ್ನಪ್ಪಾ! ಮೂರು ದಿನ ಅಂತ ಹೇಳಬೇಕಂತ ಬಂದಿದ್ದಿ, ಹೌದಿಲ್ಲೋ? ಒಂದು ಸುಳ್ಳು ಹೇಳಾಕ ನಿನಗ ಜ್ವರಾ ಬಂದಂಗಾತಲ್ಲೋ! ಮೊದಲ ಹೆಂಗಿದ್ದಿ ನೀನು!’

‘ಹೆಂಗಿದ್ದೆ?’

ಅವಳು ನಗು ನಿಲ್ಲಿಸಿದಳು. ‘ನಿನಗ ಯಾರೂ ಹೇಳಿಲ್ಲೇನು?’

ಹೇಳಿರಲಿಲ್ಲ. ಅವಳು ಹೇಳಿದಳು. ಊರಿನ ಬಡಾಯಿಕೋರರಲ್ಲೆಲ್ಲ ನಾನು ಮೊದಲಿಗನಾಗಿದ್ದೆನಂತೆ. ಸೇತುವೆಗೆ ಮೊದಲು ಹೊಳೆಯಲ್ಲಿದ್ದ ದೋಣಿಯನ್ನು ಮದುವೆಯ ದಿಬ್ಬಣದ ಸಮೇತ ಮೊಸಳೆ ನುಂಗಿದ್ದು, ಅದರ ಹೊಟ್ಟೆಯೊಳಗೇ ತಾಳಿ ಕಟ್ಟಿದ್ದು, ಒಳಗಿನವರು ಊಟಕ್ಕೆ ಉಪ್ಪು ಸಾಲದೆಂದು ಮೊಸಳೆಯ ಹಲ್ಲು ತಟ್ಟಿ ಹೇಳಿ ಕಳಿಸಿದ್ದು, ಎಲ್ಲವನ್ನೂ ನಾನು ಪಡಸಾಲೆಯಲ್ಲಿ ಕೂತು ಹೇಳುತ್ತಿದ್ದೆನಂತೆ. ಅಕ್ಕ ಹಪ್ಪಳ ಲಟ್ಟಿಸುತ್ತ, ಹುಸೇನಬಿ ಗಾದಿ ಹೊಲಿಯುತ್ತ ಕೇಳುತ್ತಿದ್ದರಂತೆ. ಆ ಕಥೆ ನನಗೆ ಸ್ವಲ್ಪವೂ ನೆನಪಿಲ್ಲ. ಕೇಳಿದಾಗ ನನಗೆ ಮೊದಲು ಹೊಳೆದದ್ದು, ಆ ದೋಣಿಯ ಉದ್ದ ಇಪ್ಪತ್ತಾರು ಅಡಿ, ಯಾವ ಮೊಸಳೆಯೂ ಅದನ್ನು ನುಂಗಲಾರದು ಎಂಬುದು.

‘ಮತ್ತ ಯಾಕ ಯಾರೂ ಹೇಳಲಿಲ್ಲ?’

‘ನೀ ಆಚೆಯಿಂದ ಬಂದು ಅಷ್ಟು ಖುಷಿಯಿಂದ ಪೇಪರ್ ತಗದಿ. ಊರಾಗ ಒಬ್ಬರರ ಖರೇ ಹೇಳಾವ್ರು ಇರ್ಲಿ ಅಂತ ನಾವೂ ಸುಮ್ಮನಾದ್ವಿ. ನಿಮ್ಮ ಅಕ್ಕ ಮಾತ್ರ ಒಂದ ವರ್ಷ ಹಿಟ್ಟು ಹಿಡಕೊಂಡು ಕುಂತು ಕಾದ್ಲು, ಇವತ್ತು ಹೇಳ್ತಾನ, ನಾಳೆ ಹೇಳ್ತಾನ ಅಂತ. ಆಮ್ಯಾಲ ಬಿಟ್ಲು.’

ಮನೆಗೆ ಬಂದು ಅಂಕಣದ ಕಡತ ತೆರೆದೆ. ಮೊದಲ ನಮೂದಿನ ಖಾಲಿ ಜಾಗದಲ್ಲಿ ಬರೆಯಲು ಪೆನ್ನು ಎತ್ತಿದೆ. ಸಾಕ್ಷಿ ಒಬ್ಬಳೇ ಆಗಿದ್ದಳು. ಎರಡನೆಯ ಸಾಕ್ಷಿ ಹಿಂದಿನ ಪಡಸಾಲೆಯಲ್ಲಿ ಲಟ್ಟಿಸುತ್ತಿದ್ದಳು. ಅವಳನ್ನು ಕೇಳಲು ಧೈರ್ಯವಾಗಲಿಲ್ಲ. ಪೆನ್ನು ಮುಚ್ಚಿಟ್ಟೆ.

ಇಪ್ಪತ್ತೆಂಟು ಶುಕ್ರವಾರ. ಮಧ್ಯಾಹ್ನ ಎರಡೂವರೆಗೆ ಅಕ್ಕ ಒಂದು ಚೀಟಿ ಕೊಟ್ಟಳು. ‘ನಂಗ ಗೊತ್ತಿರೋದು ಇದೊಂದ. ಕೊಟ್ಟು ಬಾ’ ಎಂದಳು. ಪಿಂಜಾರ ಓಣಿಯಲ್ಲಿ ಆಟೋ ನಿಂತಿತ್ತು. ಎರಡು ಟ್ರಂಕು, ನಾಲ್ಕು ಗಾದಿ, ಹತ್ತಿ ಹಿಂಜುವ ಬಿಲ್ಲು ಎಲ್ಲ ಏರಿದ್ದವು. ಜೈತುನ ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದಳು. ಹುಸೇನಬಿ ಕೀಲಿ ಹಾಕಿದ ಬಾಗಿಲ ಮುಂದೆ ಕೂತಿದ್ದಳು.

‘ಏನಂತ ಬರದಾಳ?’ ಎಂದಳು.

ಚೀಟಿ ಬಿಡಿಸಿದೆ. ‘ಇಂದು ಸಂಜೆ ನಾಲ್ಕು ಗಂಟೆಗೆ ಕಳಿಸಿಕೊಡಲು ಬರಬಹುದೆ?’ ಅಷ್ಟೇ ಇತ್ತು. ಅದರ ಕೆಳಗೆ ಹಿಟ್ಟಿನ ಬೆರಳಿನ ಗುರುತು. ಆ ಬೆರಳ ಗುರುತನ್ನು ನೋಡುತ್ತ ನಾನು ಓದಿದೆ:

‘ಹುಸೇನಿ, ನೀ ಹೋಗ್ತಿ ಅಂತ ಕೇಳಿದ ದಿನದಿಂದ ನನ್ನ ಕಣ್ಣೀರಿಗೆ ನಮ್ಮ ಬಾವಿ ಉಪ್ಪಾಗೇತಿ. ಹಪ್ಪಳದ ಹಿಟ್ಟಿಗೆ ಬ್ಯಾರೆ ಉಪ್ಪು ಹಾಕೋದು ಬಿಟ್ಟೀನಿ. ಓಣ್ಯಾಗಿನ ಎಮ್ಮಿ ಆ ನೀರು ಕುಡದು ಮಜ್ಜಿಗಿನ ಹಿಂಡಾಕತ್ತಾವ. ಮೂರು ಸಾವಿರ ಹಪ್ಪಳ ಒಂದರ ಮ್ಯಾಲ ಒಂದು ಒಟ್ಟಿ, ಅದರ ತುದಿ ಹತ್ತಿ ನಿಂತು ನಿಮ್ಮ ಮನಿ ಕಡೆ ನೋಡಾಕತ್ತೀನಿ. ಕೆಳಗ ಇಳಿಯಾಕ ಬರವಲ್ದು. ನೀನ ಬಂದು ಇಳಸು.’

ಜೈತುನ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ‘ಕಾಕಾ, ಅದರಾಗ ಒಂದ ಸಾಲು ಐತಿ.’

‘ನೀ ಸುಮ್ಮನಿರು’ ಎಂದಳು ಹುಸೇನಬಿ. ‘ನಿನಗ ಓದಾಕ ಬರೂದಿಲ್ಲ. ಅವಗ ಬರತೈತಿ.’ ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ‘ಇನ್ನೊಮ್ಮೆ ಓದೋ ಮುರಗ್ಯಾ. ಎಮ್ಮಿದು.’

ನಾನು ಮತ್ತೆ ಓದಿದೆ. ಎಮ್ಮೆಗಳ ಸಂಖ್ಯೆ ಹೆಚ್ಚಾಗಿತ್ತು. ಆಗ ನನಗೆ ಗೊತ್ತಾಯಿತು, ನಾನು ಯೋಚಿಸಿಯೇ ಇರಲಿಲ್ಲ.

ಅಕ್ಕ ನಾಲ್ಕಕ್ಕೆ ಬರುವ ತನಕ ಯಾರೂ ಕಾಯಲಿಲ್ಲ. ಹುಸೇನಬಿ ಎದ್ದು ಆಟೋವನ್ನು ದಾಟಿಕೊಂಡು ಸಾಕುಕಲ್ಲಿನ ಕಡೆ ನಡೆದಳು. ಅಕ್ಕ ಅಲ್ಲೇ ನಿಂತಿದ್ದಳು, ಬೆಳಗಿನಿಂದ ನಿಂತವಳಂತೆ. ಇಬ್ಬರೂ ಎದುರುಬದುರಾದರು. ಅಕ್ಕ ನನ್ನ ಕಡೆ ತಿರುಗಿ, ‘ಈಗ ನಾ ಏನ್ ಮಾಡಬೇಕು?’ ಎಂದು ಪಿಸುಗುಟ್ಟಿದಳು.

‘ಏನೂ ಮಾಡಬ್ಯಾಡ. ನಡಿ’ ಎಂದಳು ಹುಸೇನಬಿ.

ನಡೆದರು. ಮೊದಲ ಸಲ ಅಕ್ಕ ಬಾಯಲ್ಲಿ ಹೆಜ್ಜೆ ಎಣಿಸುತ್ತಿದ್ದಳು. ಎರಡನೆಯ ಸಲ ಕಲ್ಲಿನ ಮೇಲೆ ಹುಸೇನಬಿ ‘ಸಾಕು’ ಎಂದಾಗ, ಪಾಠ ಒಪ್ಪಿಸುವವಳಂತೆ ‘ಸಾಕಲ್ಲ’ ಎಂದಳು. ಮೂರನೆಯ ಸಲ ಹುಸೇನಬಿ ಜೈತುನಳ ಅತ್ತೆಯ ಅಡುಗೆಯ ಬಗ್ಗೆ ಏನೋ ಹೇಳಿದಳು, ಅಕ್ಕ ನಿಂತು ನಕ್ಕಳು, ಮತ್ತೆ ನಡೆದಳು. ನಾಲ್ಕನೆಯ ಸಲ ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು. ಐದನೆಯ ಸಲ ಹುಸೇನಬಿಯ ಬಾಗಿಲಿನ ಮುಂದೆ, ಆಟೋ ಚಾಲಕ ಯಂತ್ರ ಶುರು ಮಾಡಿದ. ಜೈತುನ, ‘ಅವ್ವಾ, ಹತ್ತು ಇನ್ನ’ ಎಂದಳು. ಹುಸೇನಬಿ ಅಕ್ಕನ ಕೈ ಹಿಡಿದು, ‘ಆತು ನೀಲಾ, ನೀ ಇಲ್ಲಿಂದ ಹೋಗಿಬಿಡು’ ಎಂದಳು.

‘ಹೇ! ಉಂಡ ಎಲಿ ಬಿಟ್ಟು ಎದ್ದಂಗ ಹೋಗು ಅಂತಿಯಲ್ಲ’ ಎಂದಳು ಅಕ್ಕ. ‘ನನ್ನ ಒಬ್ಬಾಕಿನ್ನ ಕಳಸ್ತೀಯೇನ? ನಡಿ ಮುಂದ.’

ಈ ಮಾತನ್ನು ನಾನು ಪಾಠದಲ್ಲಿ ಕಲಿಸಿರಲಿಲ್ಲ. ಕಟ್ಟೆಯ ಮೇಲಿದ್ದ ಗುರುಪಾದಪ್ಪ ಕೊಡೆ ಎತ್ತಿದ. ಬಸಲಿಂಗಪ್ಪ ಚಪ್ಪಾಳೆ ತಟ್ಟಿದ. ಜೈತುನ ಆಟೋದವನಿಗೆ ಯಂತ್ರ ಬಂದ್ ಮಾಡು ಎಂದಳು.

ಇಲ್ಲಿಯವರೆಗಿನ ಅಂಕಿಗಳೆಲ್ಲ ಆಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡವು. ಮುಂದಿನ ಪುಟಗಳು ಖಾಲಿ ಇವೆ.

ಮರುದಿನ ಬೆಳಿಗ್ಗೆ ಅಕ್ಕ ಲಟ್ಟಿಸಿದ ಮೊದಲ ಹಪ್ಪಳಕ್ಕೆ ಮೂರು ಮೂಲೆ ಇದ್ದವು. ಎರಡನೆಯದಕ್ಕೆ ಐದು. ಅವಳು ಎರಡನ್ನೂ ನನ್ನ ಮುಂದೆ ಹಿಡಿದು, ‘ಏನಾಗೇತಿ ಇದಕ್ಕ? ಚಲೋ ಅದಾವಲ್ಲ?’ ಎಂದಳು. ನಾನು ಉತ್ತರ ಕೊಡುವ ಮೊದಲು ಅವಳ ಮುಖದಲ್ಲಿ ಸಂಶಯ ಬಂತು. ಕೈ ನೋಡಿಕೊಂಡಳು. ‘ಹೋತೇನೋ?’ ಎಂದಳು. ‘ಹೋತು’ ಎಂದೆ. ಅವಳು ಮತ್ತೆ ಲಟ್ಟಣಿಗೆ ಎತ್ತಿಕೊಂಡು, ‘ಮೊದಲ ಹೆಂಗಿರತಿದ್ವು?’ ಎಂದು ಕೇಳಿದಳು. ನಾನು ಹೇಳಿದೆ: ಹುಣ್ಣಿಮೆಯ ಚಂದ್ರ ಅವನ್ನು ನೋಡಿ ನಾಚಿ ಮೋಡದ ಹಿಂದೆ ಹೋಗುತ್ತಿದ್ದ, ಒಮ್ಮೆ ಗಾಡಿಯ ಗಾಲಿ ಮುರಿದಾಗ ನಿನ್ನ ಹಪ್ಪಳ ಸಿಕ್ಕಿಸಿಕೊಂಡು ಗಾಡಿಯವನು ನಾಲ್ಕು ಊರು ದಾಟಿದ. ಅಕ್ಕನ ಕೈಯಲ್ಲಿ ಲಟ್ಟಣಿಗೆ ನಿಂತಿತು. ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಅಂಕಣದಲ್ಲಿ ಹಾಕಲಿಲ್ಲ. ‘ಮತ್ತ ಆ ಮೊಸಳಿ?’ ಎಂದಳು ಮೆಲ್ಲಗೆ. ‘ಅದರ ಹೊಟ್ಯಾಗ ಉಪ್ಪು ಸಿಕ್ತೇನು?’ ಸಿಕ್ಕಿತೆಂದೂ, ನಮ್ಮ ಬಾವಿಯಿಂದಲೇ ಒಯ್ದರೆಂದೂ ಹೇಳಿದೆ.

ಮೊದಲ ನಮೂದಿಗೆ ಎರಡನೆಯ ಸಾಕ್ಷಿ ಹೀಗೆ ಸಿಕ್ಕಿದಳು. ಅದನ್ನು ತುಂಬಿಸಿದೆ, ಕೆಳಗೆ ಹೊಸದೊಂದು ಸೇರಿಸಿದೆ. ಅದರ ಪ್ರಕಾರ ನನಗೆ ಬಂದದ್ದು ಹಳೆಯದು, ಹೋದದ್ದು ಟೇಪು ಮತ್ತು ಗಡಿಯಾರ. ಪತ್ರಿಕೆ ನಿಂತಿಲ್ಲ. ಅಂಕಿಗಳನ್ನು ತಿದ್ದಲು ಬುಧವಾರ ಬುಧವಾರ ಜೈತುನ ಬರುತ್ತಾಳೆ. ಬರುವ ಮೊದಲು ಚೀಟಿ ಕಳಿಸುತ್ತಾಳೆ. ಅಕ್ಕನ ಸೊಟ್ಟ ಹಪ್ಪಳಗಳನ್ನು ಆಚೆಯವರು ಇವೇ ಅಸಲಿ ಎಂದು ಮೊದಲಿಗಿಂತ ಹೆಚ್ಚು ಕೊಳ್ಳುತ್ತಿದ್ದಾರೆ. ಸೇತುವೆ ಆ ಭಾರಕ್ಕೆ ನಡುವಿನಲ್ಲಿ ನಾಲ್ಕು ಅಡಿ ಬಾಗಿದೆ.

ಶುಕ್ರವಾರ ಇಬ್ಬರೂ ಎಷ್ಟು ಸಲ ಕಳಿಸಿ ಬಂದರು ಎಂಬುದರ ಬಗ್ಗೆ ಊರಿನಲ್ಲಿ ಭಿನ್ನಾಭಿಪ್ರಾಯವಿದೆ. ಜೈತುನ ಹದಿಮೂರು ಎನ್ನುತ್ತಾಳೆ. ಅವಳು ಮೊದಲಿನಿಂದಲೂ ಆಚೆಯ ಕಡೆಗೆ ವಾಲಿದವಳು. ನಾನು ಕಣ್ಣಾರೆ ಕಂಡಂತೆ ಅದು ಸಾವಿರವನ್ನು ಅಂದೇ ದಾಟಿತು, ಇಂದಿಗೂ ನಿಂತಿಲ್ಲ. ಇಬ್ಬರ ಬಾಯಲ್ಲೂ ಒಟ್ಟಿಗೆ ‘ಸಾಕು’ ಬಂದಿಲ್ಲವಾದ್ದರಿಂದ ಹುಸೇನಬಿ ಹೊರಡಲು ನಿಯಮದ ಪ್ರಕಾರ ಅವಕಾಶವಿಲ್ಲ. ಗಾದಿಗಳು ಇಳಿದಿವೆ, ಬಿಲ್ಲು ಮತ್ತೆ ಗೂಟಕ್ಕೆ ಏರಿದೆ. ನಡೆದು ನಡೆದು ಸಾಕುಕಲ್ಲು ಕನ್ನಡಿಯಂತಾಗಿ, ಊರಿನ ಹೆಣ್ಣುಮಕ್ಕಳು ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳುತ್ತಾರೆ. ಆಟೋ ಇನ್ನೂ ಕಾಯುತ್ತಿದೆ. ಅದರ ಹಿಂದಿನ ಸೀಟಿನಲ್ಲಿ ಬೇವಿನ ಗಿಡ ಹುಟ್ಟಿ, ಚಾವಣಿ ಸೀಳಿಕೊಂಡು ಬೆಳೆದು, ಈಗ ಇಡೀ ಪಿಂಜಾರ ಓಣಿ ಅದರ ನೆರಳಲ್ಲಿ ಕೂತು ಹತ್ತಿ ಹಿಂಜುತ್ತದೆ.

ಸಾಕ್ಷಿಗಳು ಇಬ್ಬರು. ಒಬ್ಬ ನಾನು, ಇನ್ನೊಂದು ಆ ಬೇವಿನ ಮರ.